ಎರಡಽ ಎರಡು ಎಸಳು

ನನ್ನ ಬಲಗೈ ಮಣಿಕಟ್ಟಿನಲ್ಲಿ ಒಂದು ಕರಿದಾರ ಇದೆ. ಅದರಲ್ಲಿ ಕಡಲೆಕಾಳಿನಷ್ಟು ದಪ್ಪದ ತಾಮ್ರದ ತಾಯತ ಜೋತಾಡುತ್ತದೆ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ರೋಣದ ಬಸ್ಸಿಗೆ ಕಾಯುತ್ತ ನಿಂತರೆ ಪಕ್ಕದವರು ಮೊದಲು ದಾರ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಆಮೇಲೆ ತಮ್ಮ ಚೀಲವನ್ನು ಒಂದು ಗೇಣು ಆಚೆ ಸರಿಸಿಕೊಳ್ಳುತ್ತಾರೆ. "ಯಾಕ ತಮ್ಮಾ, ಏನರ ಹಿಡಕೊಂಡಿತ್ತೇನ?" ಎಂದು ಬಾಯಿಬಿಟ್ಟೇ ಕೇಳಿದ ಹಿರಿಯರೂ ಇದ್ದಾರೆ. "ಹೌದ್ರಿ ಯಜ್ಜಾ, ಕೊತಂಬ್ರಿ ಹಿಡಕೊಂಡಿತ್ತು" ಎನ್ನುತ್ತೇನೆ. ಅವರು ಇನ್ನೊಂದು ಗೇಣು ಸರಿಯುತ್ತಾರೆ. ಸುಳ್ಳು ಹೇಳಿದಾಗಲೆಲ್ಲ ನಂಬಿದ ಈ ಊರು, ಖರೇ ಹೇಳಿದ ದಿನ ಮಾತ್ರ ನನ್ನ ಮೇಲೆ ಸಂಶಯ ಪಡುತ್ತದೆ.

ಅವರ ತಪ್ಪಲ್ಲ. ನನ್ನ ಕಸುಬೇ ಹಾಗಿದೆ. ತಪ್ಪಲ ಪಲ್ಯ ಮಾರುವ ಟಂಟಂ ಗಾಡಿಗಳ ನೆತ್ತಿಯ ಮೇಲೆ ಒಂದು ಭೋಂಗಾ ಇರುತ್ತದಲ್ಲ, ಅದರೊಳಗಿಂದ "ಬರ್ರಿ ಅಕ್ಕಾರ, ಮೆಂತೇ ಬಂತು, ಪುಂಡಿ ಬಂತು" ಎಂದು ಒಬ್ಬ ದಪ್ಪ ವ್ಯಾಪಾರಿ ಒದರುತ್ತಾನಲ್ಲ, ಆ ದಪ್ಪ ವ್ಯಾಪಾರಿ ನಾನೇ. ರೆಕಾರ್ಡ್ ಮಾಡಿ ಕೊಟ್ಟವನು ಐವತ್ತು ಕೇಜಿಯವನು. ಅದೇ ಭೋಂಗಾದಲ್ಲಿ ಚೌಕಾಸಿ ಮಾಡುವ ಮುದುಕಿಯೂ ನಾನೇ, ಆಕೆಯ ಸೊಸೆಯೂ ನಾನೇ. ಹುಟ್ಟಿದಾಗ ದೇವರು ಇಪ್ಪತ್ತು ಜನರ ದನಿ ಕೊಟ್ಟು, ಇವನದೇ ಆದದ್ದೊಂದನ್ನು ಕೊಡಲು ಮರೆತನೇನೋ ಎಂದು ಅವ್ವನಿಗೆ ಈಗಲೂ ಅನುಮಾನ.

ಈ ವಿದ್ಯೆಗೆ ನನ್ನ ಮೊದಲ ಬಲಿ ಅನ್ನ. ಏಳೆಂಟು ವರ್ಷದವನಿದ್ದಾಗ ನಾನು ಕುಕ್ಕರಿನ ಸೀಟಿ ಕಲಿತೆ. ಮೊದಲು ಗಂಟಲಲ್ಲಿ ಸಣ್ಣದಾಗಿ ಕುದಿಯಬೇಕು, ಆಮೇಲೆ ಹಲ್ಲಿನ ಸಂದಿಯಿಂದ ಉಗಿ ಬಿಡಬೇಕು. ಪಡಸಾಲೆಯಲ್ಲಿ ಕೂತು ಮೂರು ಸೀಟಿ ಹೊಡೆದರೆ, ಹಿತ್ತಲಲ್ಲಿದ್ದ ಅವ್ವ ಓಡಿಬಂದು ಒಲೆ ಆರಿಸುತ್ತಿದ್ದಳು. ಊಟಕ್ಕೆ ಕೂತಾಗ ಅನ್ನ ಹಲ್ಲಿಗೆ ಕಟಕಟ ಎನ್ನುತ್ತಿತ್ತು. ಅವ್ವ ಅಕ್ಕಿಯನ್ನು ಸಂಶಯಿಸಿದಳು. ಅಕ್ಕಿ ಬಂದದ್ದು ಅಪ್ಪನ ಕಿರಾಣಿ ಅಂಗಡಿಯಿಂದ, ಆದ್ದರಿಂದ ಅಪ್ಪನನ್ನು ಸಂಶಯಿಸಿದಳು. ಕೊನೆಗೆ ಕುಕ್ಕರನ್ನು ಸಂಶಯಿಸಿ ಅದರ ರಬ್ಬರು ಬದಲಿಸಿದಳು, ಸೀಟಿ ಬದಲಿಸಿದಳು, ಕೊನೆಗೆ ಕುಕ್ಕರನ್ನೇ ಬದಲಿಸಿದಳು. ಏನೂ ತಪ್ಪು ಮಾಡದ ಆ ಹಳೆಯ ಕುಕ್ಕರು ನಿವೃತ್ತಿಯಾಗಿ ಮಾಳಿಗೆ ಸೇರಿತು. ಇವತ್ತಿಗೂ ಅದರಲ್ಲಿ ಪುದೀನಾ ಬೆಳೆಯುತ್ತದೆ.

ಅವ್ವನ ಮಾಳಿಗೆ ತೋಟ ಶುರುವಾದದ್ದು ಆ ಕುಕ್ಕರಿನಿಂದಲೇ. ಆಮೇಲೆ ಒಂದೊಂದಾಗಿ ಮನೆಯ ಅಂಗವಿಕಲ ಪಾತ್ರೆಗಳೆಲ್ಲ ಮೇಲೆ ಹತ್ತಿದವು. ಕಂಠ ಒಡೆದ ಪ್ಲಾಸ್ಟಿಕ್ ಕೊಡದಲ್ಲಿ ಮೆಂತೆ, ಅಂಗಡಿಯ ಎಣ್ಣೆ ಡಬ್ಬಿಗಳಲ್ಲಿ ಕೊತ್ತಂಬರಿ, ನಾನು ಕೂಸಿದ್ದಾಗ ನನಗೆ ನೀರೆರೆಯುತ್ತಿದ್ದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಉಳ್ಳಾಗಡ್ಡಿ ತಪ್ಪಲ, ದೊಡ್ಡ ಪೇಂಟಿನ ಡಬ್ಬಿಯಲ್ಲಿ ಕರಿಬೇವು. ಯಾವುದನ್ನೂ ಕೊಂಡದ್ದಲ್ಲ.

ಮಣ್ಣಿನ ವಿಷಯದಲ್ಲಿ ಮಾತ್ರ ಅಪ್ಪ ಬಾಯಿ ಹಾಕಿದ. ನಮ್ಮ ಕಡೆ ಎರಿ, ಅಂದರೆ ಕರಿಮಣ್ಣಿನ ಹೊಲ ಇದ್ದವನ ನಡಿಗೆಯೇ ಬೇರೆ. ನಮಗೆ ಹೊಲವಿಲ್ಲದಿದ್ದರೂ ಅಪ್ಪನಿಗೆ ಆ ಗತ್ತು ಇದೆ. "ಡಬ್ಬಿಯಾಗರ ಯಾಕ ಆಗವಲ್ದು, ನಮ್ಮದೂ ಎರಿನಽ ಇರಲಿ" ಎಂದು ಲಕ್ಕಲಕಟ್ಟಿಯ ಗೆಳೆಯನ ಹೊಲದಿಂದ ಎರಡು ಚೀಲ ಕರಿಮಣ್ಣು ತರಿಸಿ, ಡಬ್ಬಿಗಳಿಗೆ ಕಂಠಮಟ ತುಂಬಿದ. ಹೊಲದಲ್ಲಿ ಬಂಗಾರದಂಥ ಆ ಮಣ್ಣು ಡಬ್ಬಿಯಲ್ಲಿ ನೀರು ಕುಡಿದು ಮೊದಲು ಹಲ್ವಾ ಆಯಿತು, ನಾಲ್ಕು ದಿನದ ಬಿಸಿಲಿಗೆ ಇಟ್ಟಂಗಿ ಆಯಿತು, ಆಮೇಲೆ ನಡುವೆ ಬಾಯಿಬಿಟ್ಟಿತು. ಆ ಬಿರುಕಿನೊಳಗೆ ನಮ್ಮ ಕೊತ್ತಂಬರಿ ಬೀಜಗಳು ಬಾವಿಗೆ ಬಿದ್ದವರಂತೆ ಕಾಣುತ್ತಿದ್ದವು. ಅವ್ವ ಗುಡ್ಡದ ಬುಡದಿಂದ ಒಂದು ಬುಟ್ಟಿ ಕೆಂಪು ಮಣ್ಣು ತಂದು, ಉಸುಕು, ಸಗಣಿ ಗೊಬ್ಬರ ಕಲಸಿ, ಎಲ್ಲವನ್ನೂ ಹೊಸದಾಗಿ ತುಂಬಿದಳು. ಕಾಳನ್ನು ಅಪ್ಪನ ಚಪ್ಪಲಿಯಿಂದ ತಿಕ್ಕಿ ಎರಡು ಹೋಳು ಮಾಡಿ ಬಿತ್ತಿದಳು. ಕೊತ್ತಂಬರಿಗೆ ಹಾಗೆ ತಿಕ್ಕಬೇಕು. ಆದರೆ ಅಷ್ಟು ಜೋರಾಗಿ ತಿಕ್ಕಬೇಕಿತ್ತೇ, ಅದೂ ಅಪ್ಪನ ಚಪ್ಪಲಿಯಿಂದಲೇ ತಿಕ್ಕಬೇಕಿತ್ತೇ ಎಂಬ ಬಗ್ಗೆ ನನಗೆ ಇನ್ನೂ ಅನುಮಾನವಿದೆ.

ಈಗ ನೀಲಾ ಕಾಕು. ನಮ್ಮದು ನೇಕಾರರ ಓಣಿ. ನಮ್ಮ ಮಾಳಿಗೆಗೂ ಪಕ್ಕದ ಮನೆಯ ನೀಲಾ ಕಾಕುವಿನ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ ಅಷ್ಟೇ. ಕಾಕು ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ. ಮಧ್ಯಾಹ್ನದ ಹೊತ್ತು ಅವ್ವ ಅವಳ ಮನೆಗೆ ಹೋಗಿ ಸುಮ್ಮನೆ ಮಾತಿನ ಆಸೆಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತಾಳೆ. ಪ್ರತಿಯಾಗಿ ಕಾಕು ನಮ್ಮ ಕರಿಬೇವಿಗೆ ಹುಳಿ ಮಜ್ಜಿಗೆ ತಂದು ಹಾಕುತ್ತಾಳೆ. ಒಗ್ಗರಣೆಗೆ ಎಲೆ ಬೇಕಾದಾಗ ಮಾಳಿಗೆ ಹತ್ತಿ, ನಮ್ಮ ಮೆಟ್ಟಿಲ ಕಡೆ ಬಾಗಿ ಕೂಗುತ್ತಾಳೆ:

"ಏ ಸುಶೀಲಾ! ಎರಡಽ ಎರಡು ಎಸಳು ಹರಕೋತೀನವಾ!"

ಅಡುಗೆಮನೆಯಿಂದಲೇ ಅವ್ವ: "ಹರಕೋಳಽ, ಕೇಳೂದೇನೈತಿ!"

ಇಪ್ಪತ್ತು ವರ್ಷದಿಂದ ಇದೇ ಮಾತು, ಇದೇ ಜವಾಬು. ಅದಕ್ಕೆ ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ.

ಅಂಥ ದನಿ ಬಿಡುವುದುಂಟೇ? ದಿನವಿಡೀ ಮಗ್ಗದ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ಕಾಕುವಿನ ದನಿ ಅರ್ಧ ಮೆಟ್ಟಿಲು ಮೇಲೆಯೇ ನಿಂತಿದೆ. "ಏ" ಎನ್ನುವುದನ್ನು ಬಾವಿಯಿಂದ ಸೇದಬೇಕು. "ಎರಡಽ" ಎನ್ನುವುದನ್ನು ನೂಲಿನ ಹಾಗೆ ಎಳೆಯಬೇಕು. ಕೊನೆಗೆ, ಯಾರೂ ಗಮನಿಸದ ಒಂದು ಸಣ್ಣ ಕೆಮ್ಮು. ಆ ಕೆಮ್ಮು ಹಿಡಿಯಲು ನನಗೆ ಒಂದು ವಾರ ಹಿಡಿಯಿತು.

ಕಲಿತ ವಿದ್ಯೆ ಸುಮ್ಮನೆ ಕೂರುವುದಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಹನುಮಂತಣ್ಣನ ಗಿರ್ಮಿಟ್ ಗಾಡಿ ಇದೆ. ಕಳೆದ ಬೇಸಿಗೆಯಲ್ಲಿ ಸಂತೆಯಲ್ಲಿ ಕೊತ್ತಂಬರಿ ಮಾಯವಾದಾಗ ಅವನು ಚುರಮುರಿಯ ಮೇಲೆ ಎಲೆಯನ್ನು ಎಣಿಸಿ ಹಾಕತೊಡಗಿದ. ನಾನು ಸುಮ್ಮನೆ ಒಂದು ಹಿಡಿ ಮನೆಯ ಕೊತ್ತಂಬರಿ ಒಯ್ದು ಕೊಟ್ಟೆ. ಅವನು ಮೂಸಿ ನೋಡಿದ. ಕಣ್ಣು ಮುಚ್ಚಿದ. "ಇದು ಸಂತಿ ಮಾಲಲ್ಲ. ಯಾರ ಮನೀದು ಕೇಳಂಗಿಲ್ಲ. ದಿನಾ ಒಂದು ಹಿಡಿ ತಾ, ದಿನಾ ಒಂದು ಪ್ಲೇಟ ತಿನ್ನು" ಎಂದ. ಯಾರ ಮನೆಯದು ಎಂದು ಕೇಳದವನನ್ನು ಆಗಲೇ ಸಂಶಯಿಸಬೇಕಿತ್ತು. ನಾನು ಮಿರ್ಚಿ ಭಜಿಯೂ ಸೇರುತ್ತದೆಯೇ ಎಂದು ಕೇಳಿದೆ.

ತೊಂದರೆ ಎಂದರೆ ಅವ್ವನ ಕಿವಿ. ಮಾಳಿಗೆಯ ಮೇಲೆ ಡಬ್ಬಿ ಸರಿದರೆ ಅಡುಗೆಮನೆಗೆ ಕೇಳುತ್ತದೆ. "ಯಾರದು?" ಎಂದು ಕೂಗುತ್ತಾಳೆ. ಮೊದಲ ದಿನ ಹಾಗೆ ಕೂಗಿದಾಗ ನನ್ನ ಬಾಯಿಂದ ತಾನಾಗಿಯೇ ಹೊರಬಂತು: "ಏ ಸುಶೀಲಾ! ಎರಡಽ ಎರಡು ಎಸಳು ಹರಕೋತೀನವಾ!" ಕೆಮ್ಮು ಸಮೇತ.

"ಹರಕೋಳಽ, ಕೇಳೂದೇನೈತಿ!"

ಇಷ್ಟು ಸುಲಭವಾಗಿ ಆಗುವ ಕೆಲಸವನ್ನು ಒಂದೇ ಸಲ ಮಾಡಿ ಬಿಡುವ ಸಜ್ಜನ ಯಾರಾದರೂ ಇದ್ದರೆ ಮುಂದಿನ ಸಾಲು ಓದಬೇಡಿ. ನಾನು ದಿನಾ ಮಾಡಿದೆ. ಒಂದೇ ಎಚ್ಚರಿಕೆ. ಮಗ್ಗದ ಖಟಕ್ ಖಟಕ್ ಕೇಳುತ್ತಿರುವಾಗ ಕಾಕು ಮಾಳಿಗೆಯ ಮೇಲೆ ಇರಲು ಸಾಧ್ಯವಿಲ್ಲವಲ್ಲ? ಅದಕ್ಕೆ ಎಳೆ ಹರಿದು ಮಗ್ಗ ನಿಲ್ಲುವವರೆಗೆ ಕಾಯುತ್ತಿದ್ದೆ. ಸಪ್ಪಳ ನಿಂತ ಕೂಡಲೇ ಕೂಗುತ್ತಿದ್ದೆ. ಎಷ್ಟು ಬುದ್ಧಿವಂತ ನೋಡಿ ನಾನು. ಆ ಬುದ್ಧಿವಂತಿಕೆಯ ಇನ್ನೊಂದು ತುದಿ ಎಲ್ಲಿ ಹೋಗಿ ಚುಚ್ಚುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ.

ಕೊತ್ತಂಬರಿ ಡಬ್ಬಿಗಳು ಬೋಳಾದವು, ಗಾಡಿಗೆ ಉಳಿದದ್ದನ್ನೂ ಒಯ್ಯತೊಡಗಿದೆ. ಪುದೀನಾ ಕುಕ್ಕರಿನ ತಳಕ್ಕೆ ಇಳಿಯಿತು. ಕರಿಬೇವು ಬರೀ ಕಡ್ಡಿ ಹಿಡಿದು ನಿಂತಿತು. ಅವ್ವ ದಿನಾ ಸಂಜೆ ಮಾಳಿಗೆ ಹತ್ತಿ ಎಲೆ ಎಣಿಸತೊಡಗಿದಳು.

"ಎರಡ ಎಸಳಂತ, ಎರಡ ಎಸಳು!" ರೊಟ್ಟಿ ಬಡಿಯುತ್ತ ಬೈದಳು. "ದಿನಾ ಎರಡ ಎಸಳು ತಿನ್ನೂ ಮನಿ ಅಲ್ಲ ಅದು, ಖಾನಾವಳಿ. ಕೇಳಿ ಹರಕೋತಾಳಲ್ಲ, ಹೆಂಗ ಬ್ಯಾಡ ಅನ್ನೂದು?"

"ಇರಲಿ ಬಿಡವಾ, ಪಾಪ" ಎಂದೆ ನಾನು.

ಅವ್ವ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಯಾಕೋ ಪಕ್ಯಾ, ನಿನಗ ಯಾವಾಗಿಂದ ಕರುಣಾ ಬಂತು?"

ಅವತ್ತಿನಿಂದ ನಾನು ಕರುಣೆ ತೋರಿಸಲಿಲ್ಲ. ಅವ್ವ ಮಧ್ಯಾಹ್ನ ಕಂಡಿಕೆ ಸುತ್ತಲು ಹೋಗುವುದನ್ನು ನಿಲ್ಲಿಸಿದಳು. ಕಾಕು ಹುಳಿ ಮಜ್ಜಿಗೆ ತರುವುದನ್ನು ನಿಲ್ಲಿಸಿದಳು. ಮಗ್ಗ ಆಗಾಗ ಸುಮ್ಮಸುಮ್ಮನೆ ನಿಲ್ಲತೊಡಗಿತು. ಎಳೆ ಭಾಳ ಹರಿಯುತ್ತಿವೆ ಎಂದುಕೊಂಡೆ. ನನಗೆ ಅನುಕೂಲವೇ ಆಯಿತು.

ಒಂದು ಶುಕ್ರವಾರ ಮಾಳಿಗೆ ಹತ್ತಿ ನೋಡಿದರೆ, ಕುಕ್ಕರಿನ ಹಿಡಿಯಿಂದ ಶುರುವಾಗಿ ಎಲ್ಲ ಡಬ್ಬಿ, ಕೊಡಗಳ ಕಂಠ ಬಳಸಿ ಒಂದು ಕೆಂಪು ನೂಲು ಓಡಿತ್ತು. ಹಳೆಯ ಕಂಡಿಕೆಯ ನೂಲು, ಅವ್ವ ಕಟ್ಟಿದ್ದು. ಯಾರಾದರೂ ಕೈ ಹಾಕಿದರೆ ಹರಿಯಬೇಕು. ನಾನು ಬಗ್ಗಿ, ಉಸಿರು ಹಿಡಿದು, ನೂಲಿನ ಕೆಳಗಿನಿಂದ ಕೈ ತೂರಿಸಿದೆ. ಹೊಸದಾಗಿ ಚಿಗುರಿದ ಕೊತ್ತಂಬರಿ ಸಿಕ್ಕಿತು. ಮೊಣಕೈ ತಾಗಿ ನೂಲು ಪಟ್ಟನೆ ಹರಿಯಿತು.

ಇಲ್ಲಿ ಬೇರೆ ಊರಿನ ಕಳ್ಳನಾಗಿದ್ದರೆ ಓಡಿಹೋಗುತ್ತಿದ್ದ. ನಾನು ನೇಕಾರರ ಓಣಿಯಲ್ಲಿ ಬೆಳೆದವನು. ಎಳೆ ಹರಿದರೆ ಗಂಟು ಹಾಕಬೇಕು ಎಂಬುದೊಂದೇ ಕಣ್ಣಿಗೆ ಗೊತ್ತು. ಕೂತು, ನಾಲಿಗೆ ಕಚ್ಚಿಕೊಂಡು, ಗಂಟು ಹಾಕಿದೆ. ನನ್ನ ಕಣ್ಣಿಗೆ ಅದು ಕಾಣಲೇ ಇಲ್ಲ, ಅಷ್ಟು ಚೆನ್ನಾಗಿತ್ತು.

ಅವ್ವನಿಗೆ ಕಂಡಿತು. "ನೂಲು ಹರದು ಮತ್ತ ಗಂಟು ಹಾಕ್ಯಾಳ" ಎಂದು ಅಪ್ಪನ ಮುಂದೆ ಸಣ್ಣ ದನಿಯಲ್ಲಿ ಹೇಳಿದಳು. ಅವ್ವ ಸಣ್ಣ ದನಿಯಲ್ಲಿ ಮಾತಾಡಿದರೆ ವಿಷಯ ದೊಡ್ಡದು. "ಹರದ ಎಳಿ ಕಂಡ್ರ ಗಂಟು ಹಾಕದ ಬಿಡದವರು ಯಾರು? ನೇಕಾರ್ತಿ. ಇನ್ನ ಯಾರನ ಕೇಳೂದು? ಗೋಡಿ ಎತ್ತರಿಸಿಬಿಡ್ರಿ. ನಾ ಆಕೀ ಮುಖಾ ನೋಡಂಗಿಲ್ಲ, ಆಕಿ ನನ್ನ ಎಲಿ ನೋಡೂದು ಬ್ಯಾಡ."

ಶನಿವಾರ ಮನೆಯ ಮುಂದೆ ಇಟ್ಟಂಗಿ ಬಂದು ಬಿದ್ದವು. ಗೌಂಡಿ ಸೋಮವಾರ ಬರುತ್ತೇನೆಂದ. ಆಳೆತ್ತರದ ಗೋಡೆ.

ನಾನು ಅವತ್ತು ಗಿರ್ಮಿಟ್ ತಿನ್ನಲಿಲ್ಲ. ಹೇಳಬೇಕೆಂದುಕೊಂಡೆ. ಹೇಳಿದರೆ ಅವ್ವ ಹೇಗೆ ಬೈಯುತ್ತಾಳೆ ಎಂದು ಅವಳದೇ ದನಿಯಲ್ಲಿ ಬಚ್ಚಲಲ್ಲಿ ಒಮ್ಮೆ ಬೈದುಕೊಂಡು ನೋಡಿದೆ. ಧೈರ್ಯ ಹೋಯಿತು. ಒಂದೊಂದು ಸಲ ನನ್ನ ಕಲೆ ನನಗೇ ಅತಿಯಾಗುತ್ತದೆ.

ಭಾನುವಾರ ಮಧ್ಯಾಹ್ನ ಕಾಕು ಗೋಡೆಯ ಆಚೆ ಬಂದು ನಿಂತಳು. ಅವ್ವ ಈಚೆ ಮೆಂತೆಗೆ ನೀರು ಹಾಕುತ್ತಿದ್ದಳು. ನಾನು ಮೆಟ್ಟಿಲ ಮೇಲೆ, ತಲೆಯಷ್ಟೇ ಮೇಲೆ ಕಾಣುವಂತೆ.

"ಸುಶೀಲಾ, ಇಟ್ಟಂಗಿ ಯಾಕ ಬಂದಾವ?"

"ಯಾಕ ಅಂತ ನಿನಗ ಗೊತ್ತಿಲ್ಲೇನು?" ಅವ್ವ ಕೆಂಪು ನೂಲನ್ನು ಡಬ್ಬಿಗಳಿಂದ ಸರ್ರನೆ ಎಳೆದು ಗೋಡೆಯ ಆಚೆ ಚಾಚಿದಳು. "ಇದ ನೋಡು, ನಿನ್ನ ಕೈಗಂಟು."

ಕಾಕು ನೋಡಲಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ನೂಲನ್ನು ಹಿಡಿದು ಎಳೆದುಕೊಂಡು ಹೋದಳು. ಗಂಟು ಬಂದಲ್ಲಿ ಬೆರಳು ನಿಂತಿತು.

"ಇದು ನಂದಲ್ಲ."

"ಮತ್ತ ಯಾರದು?"

"ಯಾರದರ ಇರಲಿ. ಮಗ್ಗಾ ಮುಟ್ಟಿದವರದಲ್ಲ. ಇದೇನ ಗಂಟಾ? ಎಮ್ಮಿ ಕಟ್ಟೂ ಗೂಟಾ ಇದ್ದಂಗ ಐತಿ. ಇದನ ನಾ ಹಾಕಿದ್ರ ನಮ್ಮಪ್ಪ ಕೈ ಮುರೀತಿದ್ದ."

"ದಿನಾ ನೀನಽ ಕೇಳ್ತಿ, ದಿನಾ ನೀನಽ ಹರಕೋತಿ. ಈಗ ಗಂಟಿನ ಪುರಾಣ ಹೇಳಬ್ಯಾಡ."

ಕಾಕು ಗೋಡೆಯ ಮೇಲೆ ಮೆಲ್ಲಗೆ ಕೂತಳು. ಆಮೇಲೆ ಅವಳು ಆಡಿದ ಮಾತನ್ನು ನಾನು ಯಾರ ಮುಂದೆಯೂ ಅವಳ ದನಿಯಲ್ಲಿ ಹೇಳಿಲ್ಲ, ಹೇಳುವುದೂ ಇಲ್ಲ.

"ಸುಶೀಲಾ, ನಾ ಕೇಳಿಲ್ಲ. ನಾ ಮಗ್ಗದಾಗ ಕುಂತಿರ್ತೀನಿ. ಎಳಿ ಹರೀತೈತಿ. ಗಂಟು ಹಾಕಾಕ ಕೈ ನಿಲ್ಲಸ್ತೀನಿ. ಅಷ್ಟಽ ಹೊತ್ತಿಗೆ ಮ್ಯಾಲಿಂದ ನನ್ನ ದನಿ ಕೇಳ್ತೈತಿ. ನಂದಽ ದನಿ. 'ಎರಡ ಎಸಳು ಹರಕೋತೀನವಾ' ಅಂತೈತಿ. ನಾ ಇಲ್ಲಿ ಕುಂತೀನಿ, ನನ್ನ ದನಿ ಮಾಳಿಗಿ ಮ್ಯಾಲೆ ಅಡ್ಡ್ಯಾಡಾಕತ್ತೈತಿ. ಯಾರ ಮುಂದ ಹೇಳ್ಲಿ? ತಲಿ ಕೆಟ್ಟೈತಿ ಅಂತಾರ. ಇಟಗಿ ಗುಡಿಗೆ ಹೋಗಿ ಕಾಯಿ ಒಡಿಸಿಕೊಂಡು ಬಂದೆ. ಒಬ್ಬರ ಕಡೆ ಇದನ್ನೂ ಕಟ್ಟಿಸಿಕೊಂಡೆ." ಸೀರೆಯ ಸೆರಗು ಸರಿಸಿ ತೋಳು ತೋರಿಸಿದಳು. ಕರಿದಾರ, ತಾಮ್ರದ ತಾಯತ. "ಈಗ ಮಗ್ಗಾ ನಿಂತ್ರ ಸಾಕು, ಎದಿ ಹಾರ್ತೈತಿ. ಅದಕಽ ನಿನ್ನ ಮಾಳಿಗಿ ಕಡೆ ಬರೂದಽ ಬಿಟ್ಟೀನಿ."

ಅವ್ವನ ಕೈಯ ತಂಬಿಗೆಯಿಂದ ನೀರು ಮೆಂತೆಯ ಮೇಲೆ ಸುರಿಯುತ್ತಲೇ ಇತ್ತು.

ಮಗ್ಗ ನಿಂತಾಗ ಕೂಗಬೇಕೆಂಬ ನನ್ನ ಬುದ್ಧಿವಂತಿಕೆ! ಮಗ್ಗ ಓಡುತ್ತಿದ್ದರೆ ಅವಳಿಗೆ ಕೇಳುತ್ತಲೇ ಇರಲಿಲ್ಲ. ನಾನು ಆರಿಸಿ ಆರಿಸಿ ಅವಳಿಗೆ ಕೇಳುವ ಹೊತ್ತಿಗೇ ಕೂಗಿದ್ದೆ.

ಮೇಲೆ ಹತ್ತಿದೆ. "ಕಾಕು, ಅದು ನಾನು" ಎಂದೆ.

ಅದು ಎಷ್ಟು ಸಪ್ಪೆಯಾಗಿ ಬಂತೆಂದರೆ ಅವ್ವ ಸಿಡುಕಿದಳು. "ಈಗ ಯಾರ ದನಿ ಮಾಡಾಕತ್ತೀಯೋ?"

"ಯಾರದೂ ಅಲ್ಲವಾ. ನಂದಽ."

ಅವ್ವ ನಂಬಲಿಲ್ಲ. ಕಾಕುವೂ ನಂಬಲಿಲ್ಲ. ಅವಳನ್ನು ಸಮಾಧಾನ ಮಾಡಲು ತಪ್ಪನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದೇನೆಂದು ತಿಳಿದಳಂತೆ. ನನ್ನ ಬಗ್ಗೆ ಅಷ್ಟು ಒಳ್ಳೆಯ ಅಭಿಪ್ರಾಯ ಯಾರಿಗೂ ಇರಲಿಲ್ಲ. ಅವತ್ತೇ ಅದು ಮುಗಿಯಿತು. ಕಾಕು ಕೆಂಪು ನೂಲನ್ನು ಹಲ್ಲಿನಿಂದ ಕಡಿದು, ಎರಡು ತುದಿ ನನ್ನ ಕೈಗೆ ಕೊಟ್ಟಳು.

"ಗಂಟು ಹಾಕು."

ನಾಲಿಗೆ ಕಚ್ಚಿಕೊಂಡು ಹಾಕಿದೆ. ಅವಳು ಮತ್ತೆ ನೋಡದೆ ಬೆರಳಾಡಿಸಿದಳು. ಹಳೆಯ ಗಂಟು, ಹೊಸ ಗಂಟು. ಎರಡು ಸಲ ಮುಟ್ಟಿದಳು.

"ಎಮ್ಮಿ ಗೂಟಾ" ಎಂದಳು. "ಅದಽ ಕೈ."

ಇಪ್ಪತ್ತು ಜನರ ದನಿ ಕದ್ದವನಿಗೆ ಒಬ್ಬರ ಗಂಟು ಕದಿಯಲು ಬಂದಿರಲಿಲ್ಲ.

ಅವ್ವ ತಂಬಿಗೆ ಎತ್ತಿದಳು. ಕಾಕು ಕೈ ಅಡ್ಡ ಹಿಡಿದಳು. "ನಿಲ್ಲು. ಲೇ, ಒಮ್ಮೆ ಮಾಡು. ನನ್ನ ಮುಂದಽ ಮಾಡು."

ಮಾಡಿದೆ. ಕೆಮ್ಮನ್ನೂ ಬಿಡಲಿಲ್ಲ. ಕಾಕು ತಲೆ ವಾಲಿಸಿ, ಹರಿದ ಎಳೆಗಾಗಿ ಹುಡುಕುವವಳಂತೆ ನನ್ನ ತುಟಿಗಳನ್ನೇ ನೋಡಿದಳು. ಅವಳ ಹೆಗಲು ಮೆಲ್ಲಗೆ ಕೆಳಗಿಳಿಯಿತು.

"ಸುಶೀಲಾ, ನಾ ಹಿಂಗ ಮಾತಾಡ್ತೀನೇನ?"

"ಇದಕ್ಕಿಂತ ಕೆಟ್ಟ" ಎಂದಳು ಅವ್ವ.

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಕ್ಕು ನಕ್ಕು ಕಾಕು ಕಣ್ಣೊರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು, ಆಗ ಅವ್ವ ನಗುವುದನ್ನು ನಿಲ್ಲಿಸಿ ಗೋಡೆ ದಾಟಿ ಆ ಕಡೆ ಹೋಗಿ ಕೂತಳು. ಆಮೇಲೆ ಕಾಕು ತನ್ನ ತೋಳಿನ ದಾರ ಬಿಚ್ಚಿ ನನ್ನ ಕೈಗೆ ಕಟ್ಟಿದಳು. "ಆ ದೆವ್ವ ಇದು ನೋಡು. ಕಟ್ಟು ಇಲ್ಲೇ ಇರಲಿ." ಆ ಗಂಟು ಎಲ್ಲಿ ಶುರುವಾಗುತ್ತದೆಂದು ನನಗೆ ಇವತ್ತಿಗೂ ಸಿಕ್ಕಿಲ್ಲ.

ಸೋಮವಾರ ಬಂದ ಗೌಂಡಿಗೆ ಅವ್ವ ಚಹಾ ಕುಡಿಸಿ ಕಳಿಸಿದಳು. ಇಟ್ಟಂಗಿಗಳನ್ನು ನಾನೇ ಒಂದೊಂದಾಗಿ ಹೊತ್ತು ಮಾಳಿಗೆಗೆ ಸಾಗಿಸಿದೆ. ಈಗ ಆ ಗೋಡೆಯ ಉದ್ದಕ್ಕೂ, ಎರಡೂ ಕಡೆಯಿಂದ ಕೈಗೆ ಸಿಗುವಂತೆ, ಇಟ್ಟಂಗಿಗಳ ಮೇಲೆ ಡಬ್ಬಿಗಳು ಕೂತಿವೆ. ಕರಿಬೇವಿಗೆ ಮತ್ತೆ ಹುಳಿ ಮಜ್ಜಿಗೆ ಬರುತ್ತದೆ. ಹನುಮಂತಣ್ಣ ನನ್ನನ್ನು ಕಂಡರೆ ಮೊದಲು ಕೈ ನೋಡುತ್ತಾನೆ, ಬರಿಗೈ ಎಂದು ಗೊತ್ತಾದ ಮೇಲೆ ಉಳ್ಳಾಗಡ್ಡಿಯನ್ನೂ ಎಣಿಸಿ ಹಾಕುತ್ತಾನೆ.

ಇಲ್ಲಿಗೆ ಮುಗಿದಿದ್ದರೆ ನಾನು ಸುಖವಾಗಿ ಇರುತ್ತಿದ್ದೆ. ಮುಗಿಯಲಿಲ್ಲ. ಕಾಕು ಮೊದಲಿನಂತೆ ಮಾಳಿಗೆಯಿಂದ ಕೂಗತೊಡಗಿದಳು. ಅವ್ವ ಮಾತ್ರ ಮೊದಲಿನಂತೆ ಜವಾಬು ಕೊಡಲಿಲ್ಲ. ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿ, ಮೊಣಕಾಲು ಹಿಡಿದುಕೊಂಡು ಹದಿನೇಳು ಮೆಟ್ಟಿಲು ಹತ್ತಿ, ಕೂಗಿದವಳು ಕಾಕುವೇ ಎಂದು ಕಣ್ಣಾರೆ ನೋಡಿ, ಆಮೇಲೆ "ಹರಕೋಳಽ" ಎನ್ನುತ್ತಿದ್ದಳು. ಹದಿನೇಳು ಹತ್ತುವುದು, ಹದಿನೇಳು ಇಳಿಯುವುದು. ನಾನು ಕೆಳಗೆ ಕೂತು ಪ್ರತಿ ಮೆಟ್ಟಿಲಿನ "ಅವ್ವಾ" ಎನ್ನುವ ನರಳಿಕೆ ಎಣಿಸುತ್ತಿದ್ದೆ. ಅದನ್ನು ಅನುಕರಿಸುವುದು ಬಲು ಸುಲಭ. ಅನುಕರಿಸಿಲ್ಲ. ಒಮ್ಮೆ, "ನಾ ಇನ್ನ ಮಾಡಂಗಿಲ್ಲವಾ, ಆಣಿ ಮಾಡ್ತೀನಿ" ಎಂದೆ. "ಯಾರ ದನೀಲೆ ಆಣಿ ಮಾಡ್ತಿ?" ಎಂದಳು.

ಮೊನ್ನೆ ಮಧ್ಯಾಹ್ನ ಅಡುಗೆಮನೆಯಲ್ಲಿ ಅವ್ವನ ಎದುರಿಗೇ ಕೂತು ಉಣ್ಣುತ್ತಿದ್ದೆ. ರೊಟ್ಟಿ, ಶೇಂಗಾ ಚಟ್ನಿ, ಡಬ್ಬಿಯಿಂದ ಆಗಲೇ ಕಿತ್ತ ಹಸಿ ಮೆಂತೆ. ಮೇಲಿನಿಂದ ಬಂತು: "ಏ ಸುಶೀಲಾ! ಎರಡಽ ಎರಡು ಎಸಳು ಹರಕೋತೀನವಾ!"

ಅವ್ವನ ಕೈ ಒಲೆಯ ಕಡೆ ಹೋಯಿತು. ಅರ್ಧಕ್ಕೆ ನಿಂತಿತು. ಅವಳು ನನ್ನ ಬಾಯನ್ನೇ ನೋಡಿದಳು. ಬಾಯ್ತುಂಬ ರೊಟ್ಟಿ, ಹಲ್ಲಿನ ನಡುವೆ ಮೆಂತೆಯ ಎಸಳು, ಗಲ್ಲ ಎರಡೂ ಉಬ್ಬಿವೆ. ನಾನು ಅಗಿಯುವುದನ್ನೂ ನಿಲ್ಲಿಸಿದೆ.

ಮೇಲಿನಿಂದ ಸಣ್ಣದೊಂದು ಕೆಮ್ಮು ಬಂತು.

ಅವ್ವ ಎದ್ದೇಳಲಿಲ್ಲ. ಕೂತಲ್ಲಿಂದಲೇ, ಮಾಳಿಗೆ ಹಾರಿಹೋಗುವಂತೆ ಒದರಿದಳು:

"ನಾಕ ಹರಕೋಳಽ, ಕೇಳೂದೇನೈತಿ!"